ಅಕ್ಕನ ಎಣಿಕೆ, ನನ್ನ ಎಡಗಾಲು

ನನ್ನ ಕೋಲಾಟ ನೋಡಿದವರು ನನ್ನ ಕಾಲನ್ನು ಹೊಗಳುತ್ತಾರೆ. ಹೊಗಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ನನ್ನ ಎಡಗಾಲು ಹುಟ್ಟಾ ಸೋಮಾರಿ. ಅದನ್ನು ವರ್ಷಗಟ್ಟಲೆ ಬೈದು, ತಿದ್ದಿ, ಕುಣಿಯುವ ಕಾಲು ಮಾಡಿದವಳು ನನ್ನ ಅಕ್ಕ. ಆ ಅಕ್ಕನ ಬಲಗಾಲಿಗೆ ನಾನು ಏನು ಮಾಡಿದೆ ಎಂಬುದನ್ನು ಇಲ್ಲಿ ಬರೆಯಬೇಕು. ಅದನ್ನು ಬಿಟ್ಟು ಬರೀ ಕೋಲಾಟ ಕಲಿತದ್ದನ್ನು ಬರೆದರೆ ಅದೂ ಒಂದು ಸುಳ್ಳಾಗುತ್ತದೆ, ಮತ್ತು ಸುಳ್ಳು ನಾನು ಸಾಕಷ್ಟು ವರ್ಷ ಸಾಕಿದ್ದೇನೆ.

ನಮ್ಮದು ನಾಗಲಗಿದ್ದದ ಕಡೆಯ ಊರು. ಕುರಿ ಸಾಕುವ ಮನೆ, ಜೊತೆಗೆ ಒಂದಿಷ್ಟು ಜೋಳದ ಹೊಲ. ನಾನು ಹುಟ್ಟುವಷ್ಟರಲ್ಲಿ ರಾಜ್ಯಗಳ ಹಂಚಿಕೆ ಮುಗಿದು ನಾವು ಆಂಧ್ರದ ಪಾಲಿಗೆ ಬಿದ್ದಿದ್ದೆವು. ಸಾಲೆಯಲ್ಲಿ ತೆಲುಗು, ನಾರಾಯಣಖೇಡದ ಸಂತೆಯಲ್ಲಿ ಉರ್ದು, ಒಲೆಯ ಮುಂದೆ ಕನ್ನಡ. ಬೈಗುಳ ಮಾತ್ರ ಮೂರರಲ್ಲೂ ಸಲೀಸಾಗಿ ಬರುತ್ತಿತ್ತು. ಹಿಂಗಾರಿ ಜೋಳ ಕೊಯ್ದು ರಾಶಿ ಮುಗಿದ ಮೇಲೆ ಕಲ್ಹೇರ್ ಕಡೆಯಿಂದ ಒಬ್ಬ ಕೋಲಾಟದ ಮಾಸ್ತರರು ಬರುತ್ತಿದ್ದರು. ಯುಗಾದಿಯ ತನಕ ನಮ್ಮೂರಲ್ಲೇ ಉಳಿದು ಹುಡುಗಿಯರಿಗೆ ಕಲಿಸಿ, ಮನೆಮನೆಯಿಂದ ಜೋಳ ಕಟ್ಟಿಸಿಕೊಂಡು ಹೋಗುತ್ತಿದ್ದರು. ಒಣಕಲು ಮನುಷ್ಯ, ನಗು ಎಂಬುದು ಮುಖದ ಹತ್ತಿರ ಸುಳಿಯುತ್ತಿರಲಿಲ್ಲ.

ಅವರ ಪದ್ಧತಿಯೇ ಬೇರೆ. ಮೊದಲ ವರ್ಷ ಕೈಗೆ ಕೋಲನ್ನೇ ಕೊಡುತ್ತಿರಲಿಲ್ಲ. ಹುಡುಗಿಯರನ್ನು ಇಬ್ಬಿಬ್ಬರಂತೆ ಜೋಡಿ ಮಾಡಿ, ಒಬ್ಬಳ ಎಡಗಾಲನ್ನು ಇನ್ನೊಬ್ಬಳ ಬಲಗಾಲಿಗೆ ಉಣ್ಣೆಯ ಹುರಿಯಿಂದ ಕಟ್ಟಿಬಿಡುತ್ತಿದ್ದರು. ಏಳು ವರ್ಷದ ನನ್ನ ಎಡಗಾಲು ಒಂಬತ್ತು ವರ್ಷದ ಅಕ್ಕನ ಬಲಗಾಲಿಗೆ ಬಿತ್ತು. ಹಾಗೆಯೇ ನಡೆಯಬೇಕು, ಹಾಗೆಯೇ ತಿರುಗಬೇಕು, ಹಾಗೆಯೇ ಕೂತು ಏಳಬೇಕು. ಅಕ್ಕ ಕಾಲೆತ್ತಿದಾಗ ನಾನು ಎತ್ತದಿದ್ದರೆ ಇಬ್ಬರೂ ಮಣ್ಣು ಮುಕ್ಕುತ್ತಿದ್ದೆವು. ಅಕ್ಕ ಎದ್ದು ಮೊದಲು ನನ್ನ ಮೊಣಕಾಲಿನ ಮಣ್ಣು ಜಾಡಿಸಿ, ಆಮೇಲೆ ಬೆನ್ನಿಗೊಂದು ಗುದ್ದು ಕೊಡುತ್ತಿದ್ದಳು.

“ಎಡಗಾಲು ಎಲ್ಲಿಟ್ಟು ಬಂದಿ? ಮನ್ಯಾಗ ಮರ್ತು ಬಂದಿಯೇನು?”

ಅವಳ ಕಾಲು ತಾನಾಗಿ ಕಲಿಯುತ್ತಿತ್ತು. ಮಾಸ್ತರರು ಒಮ್ಮೆ ತೋರಿಸಿದರೆ ಸಾಕು, ಹೆಜ್ಜೆ ಅವಳದಾಗುತ್ತಿತ್ತು. ನನ್ನದು ನಾಲ್ಕು ದಿನ ಹಿಂದೆ ಇರುತ್ತಿತ್ತು. ಆದರೆ ಜೋಡಿಯನ್ನು ಬಿಡಿಸುವಂತಿರಲಿಲ್ಲ. ಒಬ್ಬಳು ಮುಂದೆ ಹೋದರೆ ಇಬ್ಬರೂ ಮುಂದೆ, ಒಬ್ಬಳು ಬಿದ್ದರೆ ಇಬ್ಬರೂ ಹೊರಗೆ. ಅಕ್ಕನ ದೆಸೆಯಿಂದ ನಾನೂ ಮೇಲೇರಿದೆ. ನನಗೆ ಹನ್ನೊಂದು ತುಂಬಿದ ವರ್ಷ ಮಾಸ್ತರರು ಜಡೆ ಕೋಲಾಟಕ್ಕೆ ನಮ್ಮನ್ನೇ ಮುಂದಿನ ಜೋಡಿ, ಎಂದರೆ ಎಲ್ಲರ ಮುಂದೆ ನಿಂತು ಕುಣಿತ ನಡೆಸುವ ಜೋಡಿ, ಮಾಡಿದರು.

ಜಡೆ ಕೋಲಾಟ ನೋಡದವರಿಗೆ ಒಂದು ಮಾತು. ಬೀರಪ್ಪನ ಗುಡಿಯ ಮುಂದಿನ ಹುಣಸೆ ಮರದ ಕೊಂಬೆಯಿಂದ ಹದಿನಾರು ಬಣ್ಣದ ಹುರಿ ಇಳಿಬಿಟ್ಟಿರುತ್ತಾರೆ. ಒಬ್ಬೊಬ್ಬಳು ಎಡಗೈಯಲ್ಲಿ ಒಂದು ಹುರಿ, ಬಲಗೈಯಲ್ಲಿ ಕೋಲು ಹಿಡಿದು, ಒಮ್ಮೆ ಒಳಗೆ ಒಮ್ಮೆ ಹೊರಗೆ ನುಸುಳುತ್ತ ಕುಣಿದರೆ ಮೇಲೆ ಜಡೆ ಹೆಣೆದುಕೊಳ್ಳುತ್ತದೆ. ಆಮೇಲೆ ಮುಂದಿನ ಜೋಡಿ ಕೂಗು ಹಾಕಿ ಉಲ್ಟಾ ತಿರುಗಬೇಕು. ಅದೇ ಹೆಜ್ಜೆಗಳನ್ನು ಹಿಂದುಮುಂದಾಗಿ ಕುಣಿದರೆ ಜಡೆ ಬಿಚ್ಚಿಕೊಳ್ಳುತ್ತದೆ. ಬೇರೆ ಕುಣಿತದಲ್ಲಿ ತಪ್ಪಿದರೆ ಅದು ಅಲ್ಲಿಗೇ ಮುಗಿಯಿತು. ಇಲ್ಲಿ ತಪ್ಪು ಗಂಟಾಗಿ ಊರವರ ತಲೆಯ ಮೇಲೆ ತೂಗುತ್ತದೆ.

ಮುಂದಿನ ಜೋಡಿಗೆ ಯುಗಾದಿಗೆ ಹೊಸ ಹಸಿರು ಸೀರೆ ಸಿಗುತ್ತಿತ್ತು. ಸೀರೆಗಿಂತ ದೊಡ್ಡದು ಕೂಗು ಹಾಕುವ ಅಧಿಕಾರ. ನನ್ನ ಗೆಳತಿಯರೆಲ್ಲ ನನ್ನ ಕೂಗಿಗೆ ತಿರುಗಬೇಕು! ಆ ಹೆಮ್ಮೆ ನನ್ನ ತಲೆಯ ಮೇಲೆ ಏರಿ ಕೂತಿತ್ತು. ಊರಲ್ಲಿ ನಡೆಯುವಾಗಲೂ ಕತ್ತು ಎತ್ತಿಯೇ ನಡೆಯುತ್ತಿದ್ದೆ.

ಯುಗಾದಿಗೆ ನಾಲ್ಕು ದಿನ ಇತ್ತು. ನಾವಿಬ್ಬರೂ ಮರಿ ಕಾಯುತ್ತಿದ್ದಾಗ ಅಕ್ಕನ ಬಲಗಾಲಿಗೆ, ಹೆಬ್ಬೆರಳಿನ ಬುಡದಲ್ಲಿ, ಜಾಲಿ ಮುಳ್ಳು ನಾಟಿತು. ನಮ್ಮ ಮನೆಗಳಲ್ಲಿ ಮುಳ್ಳಿಗೆ ಯಾರೂ ದೊಡ್ಡವರನ್ನು ಕರೆಯುವುದಿಲ್ಲ. ನಡೆಯಲು ಕಲಿತ ಮಕ್ಕಳು ಮುಳ್ಳು ತೆಗೆಯಲೂ ಕಲಿತಿರುತ್ತಾರೆ. ನನ್ನ ಉಡಿದಾರದಲ್ಲೇ ಚಿಮಟ ಇತ್ತು. ಅಕ್ಕ ಕಾಲು ನನ್ನ ತೊಡೆಯ ಮೇಲಿಟ್ಟು ಮುಖ ಆ ಕಡೆ ತಿರುಗಿಸಿ ಕೂತಳು. ನಾನು ಹಿಡಿದು ಎಳೆದೆ. ಮುಳ್ಳು ಬಂತು. ನೋಡಿದರೆ ತುದಿ ಇರಲಿಲ್ಲ. ಮುರಿದ ಕಡೆ ಬೆಳ್ಳಗೆ, ಮೊಂಡಾಗಿತ್ತು.

“ಬಂತೇನ?” ಎಂದಳು ಅಕ್ಕ.

ತುದಿ ಒಳಗಿದೆ ಎಂದರೆ ಅವ್ವ ಸೂಜಿ ಕಾಯಿಸಿ ಕಾಲು ಬಗೆಯುತ್ತಾಳೆ. ಎಂಟು ದಿನ ಅಕ್ಕ ನೆಲಕ್ಕೆ ಕಾಲಿಡುವಂತಿಲ್ಲ. ಅವಳು ಹೊರಗೆ ಎಂದರೆ ನಾನೂ ಹೊರಗೆ. ಇಷ್ಟೂ ಲೆಕ್ಕ ಒಂದು ಉಸಿರಿನಲ್ಲಿ ನನ್ನ ತಲೆಯೊಳಗೆ ಆಗಿಹೋಯಿತು.

“ಪೂರಾ ಬಂತು, ನೋಡು” ಎಂದು ಮುಳ್ಳಿನ ಬುಡವನ್ನಷ್ಟೇ ದೂರದಿಂದ ತೋರಿಸಿ ಪೊದೆಗೆ ಎಸೆದೆ.

ಅವಳಿಗೆ ಕೇಡು ಮಾಡುವ ಮನಸ್ಸು ನನಗೆ ಇರಲಿಲ್ಲ. ಇದನ್ನು ಹೇಳಿಕೊಳ್ಳುವ ಹಕ್ಕು ನನಗೆ ಇದೆಯೋ ಇಲ್ಲವೋ, ಹೇಳುತ್ತೇನೆ. ಕುರಿಯ ಗೊರಸಿನಲ್ಲಿ ಮುಳ್ಳಿನ ತುದಿ ಉಳಿದರೆ ಅಪ್ಪ ಕೇರಿನ ಕಾಯಿ ಸುಟ್ಟು ಅದರ ಕಪ್ಪು ಎಣ್ಣೆ ಬಿಟ್ಟು, ಮೇಲೆ ಹಿಕ್ಕೆಯ ಬೂದಿ ಮೆತ್ತುತ್ತಿದ್ದ. ವಾರದಲ್ಲಿ ಮುಳ್ಳು ತಾನಾಗಿ ಮೇಲೆ ಬರುತ್ತಿತ್ತು. ಕುರಿ ಅಷ್ಟು ದಿನವೂ ನಡೆದೇ ಮೇಯುತ್ತಿತ್ತು. ಕುರಿಗೆ ಆಗುವುದು ಅಕ್ಕನಿಗೂ ಆಗುತ್ತದೆ ಎಂದು ನಂಬಿದೆ. ಆ ಸಂಜೆ ಎಣ್ಣೆ ಬಿಟ್ಟೆ, ಬೂದಿ ಮೆತ್ತಿದೆ, ಮೇಲೊಂದು ಚಿಂದಿ ಕಟ್ಟಿದೆ. ಗಾಯ ಜಲ್ದಿ ಒಣಗಲಿ ಎಂದು ಹೇಳಿದೆ. ಅವಳು ನನ್ನ ಗಲ್ಲ ಹಿಂಡಿ, “ನೀ ಶಾಣ್ಯಾಕಿ ಆದಿ” ಎಂದಳು.

ಯುಗಾದಿಯ ಸಂಜೆ ಜಡೆ ಚೆನ್ನಾಗಿ ಹೆಣೆದುಕೊಂಡಿತು. ನಾನು ಗಂಟಲು ಹರಿಯುವ ಹಾಗೆ ಕೂಗು ಹಾಕಿದೆ. ಎಲ್ಲರೂ ಉಲ್ಟಾ ತಿರುಗಿದರು. ಮೂರನೆಯ ಸುತ್ತಿನಲ್ಲಿ ಅಕ್ಕನ ಬಲಗಾಲು ಮಡಚಿಕೊಂಡಿತು. ಬೀಳಲಿಲ್ಲ, ಆದರೆ ಒಳಗೆ ನುಸುಳಬೇಕಾದವಳು ಹೊರಗೆ ಹೋದಳು. ಅಷ್ಟೇ ಸಾಕಾಯಿತು. ಮೇಲೆ ಜಡೆ ಬಿಗಿದು ಗಂಟಾಯಿತು. ಹದಿನಾರು ಹುಡುಗಿಯರು ಹುರಿ ಹಿಡಿದು ಬೆಪ್ಪರ ಹಾಗೆ ನಿಂತೆವು. ಮಾಸ್ತರರು ಮರ ಹತ್ತಿ ಬಿಡಿಸಲು ನೋಡಿದರು, ಆಗಲಿಲ್ಲ. ಕೊನೆಗೆ ಯಾರೋ ಕುಡುಗೋಲು ತಂದು ಹುರಿಗಳನ್ನು ಕತ್ತರಿಸಿದರು. ದೇವರ ಮುಂದೆ ಕಟ್ಟಿದ ಜಡೆಯನ್ನು ಕತ್ತರಿಸಿದ್ದನ್ನು ಊರು ಅದಕ್ಕೂ ಮೊದಲು ನೋಡಿರಲಿಲ್ಲ.

ಆ ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಅಕ್ಕನಿಗೆ ಜ್ವರ, ಬಲಗಾಲು ಬಾತಿತ್ತು. ಅವ್ವ ಸೀರೆ ಬದಲಿಸಲು ಹೋದಾಗ ರಕ್ತ ಕಂಡಳು. ಅಕ್ಕ ದೊಡ್ಡವಳಾಗಿದ್ದಳು. ಯಾವಾಗ ಆಯಿತು ಎಂದು ಕೇಳಿದರೆ ಆ ಹುಡುಗಿಗೆ ಗೊತ್ತಿಲ್ಲ. ಕುಣಿಯುವಾಗಲೇ ಆಗಿರಬೇಕು ಎಂದು ಮನೆಗೆ ಬಂದ ಹೆಂಗಸರು ತೀರ್ಮಾನ ಮಾಡಿದರು. ಜಡೆ ಗಂಟಾದದ್ದು ಯಾಕೆ, ಕಾಲು ಬಾತದ್ದು ಯಾಕೆ, ಜ್ವರ ಬಂದದ್ದು ಯಾಕೆ, ಎಲ್ಲಕ್ಕೂ ಒಂದೇ ಉತ್ತರ ಸಿಕ್ಕಿತು. ಮೈಲಿಗೆಯಲ್ಲಿ ದೇವರ ಹುರಿ ಹಿಡಿದಿದ್ದಳು. ನನಗೂ ಆ ಉತ್ತರ ಎಷ್ಟು ಹಿಡಿಸಿತೆಂದರೆ, ಬಾಯಿಗೆ ಬೀಗ ಹಾಕಿಕೊಂಡು ಮೂಲೆಯಲ್ಲಿ ಕೂತೆ.

ಮೊದಲ ಸಲ ಹೊರಗಾದವಳು ಹನ್ನೊಂದು ದಿನ ಹಿತ್ತಲಿನ ಗುಡಿಸಲಿನಲ್ಲಿ ಇರಬೇಕು, ಯಾರೂ ಮುಟ್ಟಬಾರದು. ಕಾಲು ಕೊಳೆಯುತ್ತಿದ್ದವಳನ್ನು ನಾವು ಹನ್ನೊಂದು ದಿನ ಮುಟ್ಟಲಿಲ್ಲ. ಅನ್ನ, ನೀರು ಇಡುವ ಕೆಲಸ ನನ್ನದು. ಬಾಗಿಲ ಹೊರಗೆ ಇಟ್ಟು ಹಿಂದೆ ಸರಿಯಬೇಕು. ಐದನೆಯ ದಿನ ಗುಡಿಸಲಿನಿಂದ ವಾಸನೆ ಬರಲು ಶುರುವಾಯಿತು.

“ತಂಗಿ, ಕಾಲು ಒಂದೀಟು ನೋಡಬೇ. ಒಳಗ ಏನೋ ಚುಚ್ಚಲತ್ತದ.”

“ನಾ ಮುಟ್ಟಬಾರ್ದು” ಎಂದು ಹೇಳಿ ಓಡಿದೆ.

ಹನ್ನೆರಡನೆಯ ದಿನ ಸ್ನಾನ ಮಾಡಿಸಲು ಹೋದ ಅವ್ವ ಕಾಲು ನೋಡಿ ಕಿರುಚಿಕೊಂಡಳು. ಗಾಡಿ ಕಟ್ಟಿ ನಾರಾಯಣಖೇಡ, ಅಲ್ಲಿಂದ ಬಸ್ಸಿನಲ್ಲಿ ಜಹೀರಾಬಾದಿನ ದವಾಖಾನೆ. ಡಾಕ್ಟರ್ ಒಳ್ಳೆಯ ಮನುಷ್ಯ. ಗಾಯದ ತುಂಬ ಕೀವು, ಒಳಗೆ ಏನಿದೆ ಎಂದು ಕಾಣುವಂತಿರಲಿಲ್ಲ. ಮುಳ್ಳು ಪೂರ್ತಿ ಹೊರಗೆ ಬಂದಿತ್ತೇ ಎಂದು ಉರ್ದುವಿನಲ್ಲಿ ಕೇಳಿದರು. ಅವ್ವ ನನ್ನ ಕಡೆ ತಿರುಗಿದಳು.

“ತೆಗ್ದಾಕಿ ಇಕೀನೇ ಅದಾಳ್ರಿ. ಹೇಳಬೇ, ಪೂರಾ ಬಂದಿತ್ತಿಲ್ಲ?”

ನಾನು ತಲೆ ಆಡಿಸಿದೆ. ಹೌದು ಎಂದು. ಹನ್ನೊಂದು ವರ್ಷದವಳಿಗೆ ಏನು ತಿಳಿಯುತ್ತದೆ ಎಂದು ಈಗ ಯಾರಾದರೂ ಸಮಾಧಾನ ಹೇಳಿದರೆ ನಾನು ಒಪ್ಪುವುದಿಲ್ಲ. ನನಗೆ ಎಲ್ಲ ತಿಳಿದಿತ್ತು. ಮರುದಿನ ಅಕ್ಕನ ಬಲಗಾಲಿನ ಐದೂ ಬೆರಳು ಮತ್ತು ಅಂಗಾಲಿನ ಮುಂದಿನ ಅರ್ಧವನ್ನು ಕತ್ತರಿಸಿ ತೆಗೆದರು. ಇನ್ನೂ ತಡವಾಗಿದ್ದರೆ ಮೊಣಕಾಲಿನ ತನಕ ಹೋಗುತ್ತಿತ್ತು ಎಂದು ಡಾಕ್ಟರ್ ಹೇಳಿದರು.

ಊರಿಗೆ ಬಂದ ಮೇಲೆ ಪೂಜಾರಿ ಶಿಕ್ಷೆ ಹೇಳಿದ. ಅಕ್ಕ ಬದುಕಿರುವ ತನಕ ಸೋಮವಾರ ಉಪವಾಸ ಇರಬೇಕು, ಗುಡಿಯ ಹೊಸ್ತಿಲು ದಾಟಬಾರದು. ಅವಳು ಎದುರಾಡಲಿಲ್ಲ. ಸೋಮವಾರ ಬಂತೆಂದರೆ ಒಂದು ಲೋಟ ನೀರು ಕುಡಿದು, ಗುಡಿಯ ಹೊರಗೆ ಕೋಲೂರಿ ನಿಂತು, “ನಂದ ತಪ್ಪಾಯಿತು ಬೀರಪ್ಪ” ಎಂದು ಕೆನ್ನೆ ಬಡಿದುಕೊಳ್ಳುತ್ತಿದ್ದಳು. ನಾನು ಒಳಗೆ ಹೋಗಿ ಕಾಯಿ ಒಡೆಸಿಕೊಂಡು ಬರುತ್ತಿದ್ದೆ.

ಮುಂದಿನ ವರ್ಷ ಮಾಸ್ತರರು ನನಗೆ ಬೇರೆ ಜೋಡಿ ಕೊಟ್ಟರು. ನನ್ನ ಎಡಗಾಲು ಮತ್ತೆ ಮೊದಲಿನ ಹಾಗೆ ಆಯಿತು. ಬಿಟ್ಟುಬಿಡುತ್ತೇನೆ ಎಂದು ಮನೆಗೆ ಬಂದು ಕೋಲು ಎಸೆದೆ. ಅಕ್ಕ ಅದನ್ನು ಎತ್ತಿ ನನ್ನ ಕೈಗಿಟ್ಟಳು.

“ನಾ ಆಡಾಕ ಆಗಂಗಿಲ್ಲ. ನೀ ಆಡದಿದ್ರ ಮನ್ಯಾಗ ಯಾರ ಆಡ್ತಾರ? ನಡಿ, ನಾ ಹೇಳ್ತೀನಿ.”

ಅಂದಿನಿಂದ ನನ್ನ ನಿಜವಾದ ಮಾಸ್ತರ ಅವಳೇ. ಮಧ್ಯಾಹ್ನ ಕುರಿಗಳು ಹೊರಗೆ ಹೋಗಿದ್ದಾಗ ಹಟ್ಟಿಯಲ್ಲಿ ಎಳೆ ಮರಿಗಳು ಅಲ್ಲಲ್ಲಿ ಮಲಗಿರುತ್ತಿದ್ದವು. ಅವುಗಳ ನಡುವೆ ನನ್ನನ್ನು ಕುಣಿಸುತ್ತಿದ್ದಳು. ತಾನು ಕಲ್ಲಿನ ಮೇಲೆ ಕೂತು ಕೋಲಿನಿಂದ ನೆಲ ಕುಟ್ಟಿ ಒಂದು, ಎರಡು ಎಂದು ಎಣಿಸುತ್ತಿದ್ದಳು. ಮಾಸ್ತರರ ಎಣಿಕೆ ತೆಲುಗಿನಲ್ಲಿ, ಅವಳದು ಕನ್ನಡದಲ್ಲಿ. ಒಂದು ಮರಿ ಬೆಚ್ಚಿ ಎದ್ದರೂ ನನ್ನ ಹೆಜ್ಜೆ ಭಾರ ಎಂದು ಅರ್ಥ, ಮೊದಲಿನಿಂದ ಶುರುಮಾಡಬೇಕು.

“ಎಡಗಾಲು!” ಎಂದು ಅವಳು ಕೂಗಿದರೆ ಮೂರು ಮನೆಯಾಚೆಗೆ ಕೇಳುತ್ತಿತ್ತು. “ಸತ್ತಾಕಿ ಹಂಗ ಎಳೀಬ್ಯಾಡ. ಎತ್ತು!”

ಹೀಗೆ ವರ್ಷಗಳು ಹೋದವು. ನಾನು ಚೆನ್ನಾಗಿ ಕುಣಿಯತೊಡಗಿದೆ. ಸುತ್ತಲಿನ ಊರುಗಳಿಗೆ ಕರೆ ಬಂತು. ಅಕ್ಕನನ್ನು ನೋಡಲು ಗಂಡಿನ ಕಡೆಯವರು ಎರಡು ಸಲ ಬಂದು, ಕಾಲಿನ ಕಥೆ ಕೇಳಿ, ಚಹಾ ಕುಡಿದು ಎದ್ದು ಹೋದರು. ಕುಂಟು ಕಾಲನ್ನಾದರೂ ಒಪ್ಪುತ್ತಿದ್ದರೇನೋ, ದೇವರ ಸಿಟ್ಟನ್ನು ಮನೆ ತುಂಬಿಸಿಕೊಳ್ಳಲು ಯಾರೂ ತಯಾರಿರಲಿಲ್ಲ. ಎರಡನೆಯವರು ಹೋದ ದಿನ ಅಕ್ಕ ನನ್ನನ್ನು ಎಂದಿಗಿಂತ ಹೆಚ್ಚು ಹೊತ್ತು ಕುಣಿಸಿದಳು. ಆ ದಿನ ಹೇಳಬಹುದಿತ್ತು. ಬಾಯಿ ತೆರೆದೆ ಕೂಡ. “ಮಾತು ಬ್ಯಾಡ, ಹೆಜ್ಜಿ” ಎಂದಳು. ನನಗೆ ಅಷ್ಟೇ ನೆಪ ಬೇಕಿತ್ತು.

ಹದಿನೆಂಟಕ್ಕೆ ನನ್ನ ಮದುವೆಯಾಯಿತು. ಗಂಡ ತಾಂಡೂರಿನಲ್ಲಿ ನೆಲಹಾಸಿನ ಕಲ್ಲು ನಯ ಮಾಡುವ ಕೆಲಸದವ. ಅಲ್ಲಿ ಮನೆ, ಅಂಗಳ, ಜಗಲಿ ಎಲ್ಲ ಕಲ್ಲಿನ ಹಾಸು. ಮಣ್ಣಿನ ಮೇಲೆ ಕಲಿತ ಕಾಲಿಗೆ ಕಲ್ಲು ಮೊದಲು ಹಿಡಿಸಲಿಲ್ಲ. ಕೆಲವು ವರ್ಷಗಳ ನಂತರ ಅಪ್ಪ ಕುರಿ ಮಾರಿದ. ಅಕ್ಕನನ್ನು ನಾನು ನನ್ನ ಮನೆಗೆ ಕರೆತಂದೆ. ಒಡಹುಟ್ಟಿದವಳನ್ನು ಸಾಕುತ್ತಿದ್ದೇನೆಂದು ಓಣಿಯವರು ಕೊಂಡಾಡಿದರು. ಕೇಳಿ ಕೇಳಿ ನನಗೆ ಕಿವಿ ಮುಚ್ಚಿಕೊಳ್ಳುವ ಹಾಗೆ ಆಗುತ್ತಿತ್ತು.

ತಾಂಡೂರಿನ ಹತ್ತಿರದ ಕರಣಕೋಟದ ಸಿಮೆಂಟ್ ಕಾರ್ಖಾನೆಗೆ ಜನ ಬಂದು ಸೇರತೊಡಗಿದ ಕಾಲ ಅದು. ಅಲ್ಲಿನ ಹೆಂಗಸರು ತಮ್ಮ ಹುಡುಗಿಯರಿಗೆ ಕೋಲಾಟ ಕಲಿಸಿರೆಂದು ಕೇಳಿದರು. ವಾರಕ್ಕೆ ಮೂರು ದಿನ ನಾವಿಬ್ಬರೂ ಬಸ್ಸಿನಲ್ಲಿ ಹೋಗುತ್ತಿದ್ದೆವು. ಸಂಜೆ ನಾಲ್ಕಕ್ಕೆ ಶುರು. ಅಕ್ಕ ಒಂದು ಹಾಸುಗಲ್ಲಿನ ಮೇಲೆ ಕೂತು ಎಣಿಸುವುದು, ನಾನು ತೋರಿಸುವುದು, ಹನ್ನೆರಡು ಹುಡುಗಿಯರು ನೋಡಿ ಮಾಡುವುದು. ಹುಡುಗಿಯರ ಮುಂದೆಯೇ ನನಗೆ “ಎಡಗಾಲು!” ಎಂದು ಬೈಗುಳ ಬೀಳುತ್ತಿತ್ತು. ಇಪ್ಪತ್ತೊಂಬತ್ತು ವರ್ಷದ, ಎರಡು ಮಕ್ಕಳ ತಾಯಿ ನಾನು. ಹುಡುಗಿಯರು ಬಾಯಿಗೆ ಕೈ ಒತ್ತಿ ನಗುತ್ತಿದ್ದರು.

ಒಂದು ಸಂಜೆ ಆ ಹುಡುಗಿಯರಲ್ಲಿ ಒಬ್ಬಳು, ಹದಿಮೂರರವಳು, ಅಕ್ಕನ ಹತ್ತಿರ ಬಂದು ಮೆಲ್ಲಗೆ ಕೇಳಿದಳು.

“ನಾ ಇವತ್ತ ಹೊರಗಾಗೀನ್ರಿ. ಆಡ್ಲೇನ್ರಿ?”

ಅಕ್ಕ ಎಣಿಕೆ ನಿಲ್ಲಿಸಿದಳು. ಎಲ್ಲ ಹುಡುಗಿಯರನ್ನೂ ಹತ್ತಿರ ಕರೆದಳು. ಯಾರಿಗೂ ತೋರಿಸದ ಬಲಗಾಲಿನ ಬಟ್ಟೆಯನ್ನು ಸುತ್ತು ಸುತ್ತಾಗಿ ಬಿಚ್ಚಿ, ಆ ಮೊಂಡು ಪಾದವನ್ನು ಕಲ್ಲಿನ ಮೇಲಿಟ್ಟಳು.

“ನೋಡ್ರಿ. ನಾ ತಿಳೀಲಾರದ ಆಡಿದೆ. ತಿಳೀಲಾರದ ಮಾಡಿದ್ರೂ ದೇವರು ಬಿಡಲಿಲ್ಲ. ನೀವು ತಿಳ್ದು ಮಾಡಬ್ಯಾಡ್ರಿ.”

ಕೇಳಿದ ಹುಡುಗಿ ತನ್ನ ಎರಡು ಪಾದಗಳನ್ನೂ ಲಂಗದೊಳಗೆ ಎಳೆದುಕೊಂಡು ಅಳತೊಡಗಿದಳು. ನಾನು ಹನ್ನೊಂದರ ವಯಸ್ಸಿನಲ್ಲಿ ಹೇಳಿದ ಸುಳ್ಳು ಆ ಹನ್ನೆರಡು ಮನೆಗಳಿಗೆ ಹೋಗಲು ಎದ್ದು ನಿಂತಿತ್ತು. “ಇವತ್ತಿಗೆ ಸಾಕು, ಮನಿಗಿ ನಡೀರಿ” ಎಂದು ಹುಡುಗಿಯರನ್ನು ಕಳಿಸಿದೆ.

ಅಲ್ಲೇ, ಆ ಕಲ್ಲಿನ ಹತ್ತಿರವೇ ಕೂತು ಹೇಳಿದೆ. ತುದಿ ಮುರಿದದ್ದು, ಪೂರಾ ಬಂತು ಎಂದದ್ದು, ಎಣ್ಣೆ, ಬೂದಿ, ದವಾಖಾನೆಯಲ್ಲಿ ತಲೆ ಆಡಿಸಿದ್ದು, ಒಂದನ್ನೂ ಬಿಡಲಿಲ್ಲ. ಯಾಕೆ ಎಂಬುದನ್ನೂ ಹೇಳಿದೆ. ಮುಂದಿನ ಜೋಡಿಯ ಆಸೆಗೆ, ಹಸಿರು ಸೀರೆಗೆ, ಕೂಗು ಹಾಕುವುದಕ್ಕೆ. ಅಕ್ಕ ಬಟ್ಟೆ ಕಟ್ಟಿಕೊಳ್ಳುವುದನ್ನು ಅರ್ಧಕ್ಕೆ ಬಿಟ್ಟು ಕೇಳುತ್ತಿದ್ದಳು.

“ಎಷ್ಟ ಇತ್ತು?” ಎಂದಳು.

“ಏನು?”

“ಒಳಗ ಉಳದದ್ದು.”

ಉಗುರಿನ ತುದಿಯಲ್ಲಿ ತೋರಿಸಿದೆ. ಒಂದು ಜೋಳದ ಕಾಳಿನಷ್ಟು. ಅವಳು ಬಗ್ಗಿ ನನ್ನ ಉಗುರನ್ನು ನೋಡಿದಳು.

“ಹಂಗಾರ ನಾ ಏನೂ ಮಾಡಿಲ್ಲ” ಎಂದಳು.

“ಇಲ್ಲ ಅಕ್ಕ.”

“ನಾ ಏನೂ ಮಾಡಿದ್ದಿಲ್ಲ” ಎಂದು ಇನ್ನೊಮ್ಮೆ ಅಂದಳು, ನನಗಲ್ಲ, ಆ ಕಾಲಿಗೆ. ಆಮೇಲೆ ಬಟ್ಟೆ ಸುತ್ತಿಕೊಂಡು ಎದ್ದಳು. ನಾನು ಕೈ ಕೊಡಲು ಹೋದೆ. ಹಿಡಿಯಲಿಲ್ಲ. ಬಸ್ಸಿನಲ್ಲಿ ಎದುರಿನ ಸೀಟಿನಲ್ಲಿ ಕೂತು ಕಿಟಕಿಯ ಹೊರಗೆ ನೋಡುತ್ತ ಬಂದಳು. ಅವಳು ನನ್ನನ್ನು ಬೈಯಲಿ, ಕೂದಲು ಹಿಡಿದು ಬಡಿಯಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಸೋಮವಾರ ಬಂತು. ನಾನು ರೊಟ್ಟಿ ಬಡಿಯುತ್ತಿದ್ದೆ. ಅಕ್ಕ ಬಂದು ತಾಟು ಹಾಕಿಕೊಂಡು ಕೂತಳು. ರೊಟ್ಟಿ ಹಾಕಿದೆ. ತಿಂದಳು. ಇನ್ನೊಂದು ಹಾಕಿದೆ, ಅದನ್ನೂ ತಿಂದಳು. ನಿಧಾನಕ್ಕೆ, ಒಂದು ತುತ್ತೂ ಬಿಡದೆ. ನನಗೆ ಅಳು ತಡೆಯಲಾಗಲಿಲ್ಲ. ಬೀರಪ್ಪನ ಮುಂದೆ ಹಸಿದು ನಿಂತ ಸೋಮವಾರಗಳೆಲ್ಲ ನನ್ನ ತವೆಯ ಮುಂದೆ ಕೂತಿದ್ದವು. “ರೊಟ್ಟಿ ಹೊತ್ತಲತ್ತದ” ಎಂದಳು.

ಅಳುತ್ತಿದ್ದ ಹುಡುಗಿಯ ಮನೆಗೆ ಅಕ್ಕನೇ ಹೋಗಿ, ತಾನು ಹೇಳಿದ್ದು ಸುಳ್ಳು, ಯಾವಾಗ ಬೇಕಾದರೂ ಆಡಬಹುದು ಎಂದು ಹೇಳಿ ಬಂದಳಂತೆ. ಹೇಗೆ ಗೊತ್ತಾಯಿತು ಎಂದು ಆ ತಾಯಿ ಕೇಳಿದ್ದಕ್ಕೆ ನನ್ನ ಹೆಸರು ಎತ್ತಲಿಲ್ಲವಂತೆ. ಇದು ನನಗೆ ಆ ತಾಯಿಯಿಂದಲೇ ತಿಳಿಯಿತು. ಹುಡುಗಿ ಮರಳಿ ಬಂದಳು.

ಆ ವಾರ ಮತ್ತೆ ನಾಲ್ಕು ಗಂಟೆಗೆ ಎಲ್ಲರೂ ಸೇರಿದೆವು. ಅಕ್ಕ ತನ್ನ ಕಲ್ಲಿನ ಮೇಲೆ ಕೂತು ಕೋಲು ಕುಟ್ಟಿ ಎಣಿಸತೊಡಗಿದಳು. ದನಿ ಎಂದಿನಂತೆಯೇ ಇತ್ತು. ಹುಡುಗಿಯರ ತಪ್ಪುಗಳನ್ನು ಒಂದೊಂದಾಗಿ ಹಿಡಿದು ತಿದ್ದಿದಳು. ನನ್ನ ಎಡಗಾಲು ಒಂದು ಕಡೆ ಹಿಂದೆ ಬಿತ್ತು. ಬೈಗುಳಕ್ಕೆ ಕಾದೆ, ಬರಲಿಲ್ಲ. ನೋಡಿರಲಿಕ್ಕಿಲ್ಲ ಎಂದುಕೊಂಡೆ. ಮುಂದಿನ ಸುತ್ತಿನಲ್ಲಿ ಬೇಕೆಂದೇ, ಅವಳ ಕಣ್ಣೆದುರಿಗೇ, ಎಡಗಾಲನ್ನು ಸತ್ತವಳ ಹಾಗೆ ಎಳೆದೆ. ಅಕ್ಕನ ಕಣ್ಣು ನನ್ನ ಕಾಲಿನ ಮೇಲೆ ಬಂದು ನಿಂತಿತು. ನಾನು ತಪ್ಪಿದ್ದು ಮೂರರ ಎಣಿಕೆಯಲ್ಲಿ. ಅಕ್ಕ ಎಣಿಕೆ ನಿಲ್ಲಿಸದೆ ನಾಲ್ಕು ಎಂದಳು.